ಅಕ್ಕನ ಹಾಡಿಗೊಂದು ಕಾರ್ಡು

ಎಲ್ಲ ಶುರುವಾದದ್ದು ಎರಡು ಖಾಲಿ ಗೆರೆಗಳಿಂದ.

ಆ ರೇಡಿಯೋ ಸ್ಟೇಷನ್ನಿನ ರೆಕಾರ್ಡು ಕೋಣೆಯಲ್ಲಿ ಹಾಡಿಗೊಂದು ಹಳದಿ ಕಾರ್ಡು. ಕಾರ್ಡಿನಲ್ಲಿ 'ಹಾಡಿನ ಬಗೆ' ಅಂತ ಒಂದು ಗೆರೆ, 'ಬಿಡುಗಡೆ ಆಗಿದೆಯೇ' ಅಂತ ಇನ್ನೊಂದು. ಎರಡೂ ತುಂಬಿ ಮೇಲ್ವಿಚಾರಕರ ಮುದ್ರೆ ಬೀಳುವ ತನಕ ಆ ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಇಡುವ ಹಾಗಿಲ್ಲ. ಸುಮ್ಮನೆ ಕೇಳಿ ನೋಡುವುದಕ್ಕೂ ಇಲ್ಲ, ತಟ್ಟೆ ಸವೆಯುತ್ತದಂತೆ. ಈ ಕಾರ್ಡುಗಳನ್ನು ಬರೆದೂ ಬರೆದೂ ಇಪ್ಪತ್ತೆಂಟು ವರ್ಷ ಸವೆದವನಿಗೆ ಎಲ್ಲರೂ ಕಾರ್ಡಪ್ಪ ಅಂತಲೇ ಹೆಸರಿಟ್ಟಿದ್ದರು. ಅವನು ಸವೆಯದಂತೆ ಮಾತ್ರ ಯಾರೂ ನಿಯಮ ಮಾಡಿರಲಿಲ್ಲ.

ಅವತ್ತು ಕಾರ್ಡಪ್ಪನ ಮುಂದೆ ಇದ್ದದ್ದು ಅವನ ಅಕ್ಕನ ತಟ್ಟೆ. ನಲವತ್ತು ವರ್ಷದ ಹಿಂದೆ, ಇನ್ನೂ ಮದುವೆಯಾಗದ ಹುಡುಗಿ, ಒಂದು ಕಂಪನಿಗೆ ಒಂದೇ ಒಂದು ಪಾಪ್ ಹಾಡು ಹಾಡಿದ್ದಳು. ತಟ್ಟೆ ಅಚ್ಚಾಗಿ ಆರುವಷ್ಟರಲ್ಲಿ ಕಂಪನಿ ಬಾಗಿಲು ಹಾಕಿತು. ಅಕ್ಕನ ಕೈಗೆ ಒಂದೂ ಸಿಗಲಿಲ್ಲ. ಊರವರ ಹಾಡನ್ನೆಲ್ಲ ಕೇಳಿದವಳು ತನ್ನ ಹಾಡನ್ನು ಮಾತ್ರ ಕೇಳಲಿಲ್ಲ. ಹಿಂದಿನ ದಿನ ಯಾರೋ ಸ್ಟೇಷನ್ನಿಗೆ ದಾನ ಕೊಟ್ಟ ಪೆಟ್ಟಿಗೆಯ ತಳದಲ್ಲಿ ಅದು ಸಿಕ್ಕಿತ್ತು. ತಟ್ಟೆಯ ಮೇಲಿನ ಚೀಟಿಯನ್ನು ಇಲಿ ತಿಂದು ತೇಗಿತ್ತು. ಕವರಿನ ಮೇಲೆ ಮಾತ್ರ ಎರಡು ಜಡೆಯ ಅಕ್ಕ ನಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಕ್ಕನಿಗೆ ಗಂಟಲಿನ ಆಪರೇಷನ್. ಧ್ವನಿ ಉಳಿದರೆ ಉಳಿಯಿತು ಅಂದಿದ್ದರು ಡಾಕ್ಟರು. ತಟ್ಟೆ ಸಿಕ್ಕ ಸುದ್ದಿ ಕೇಳಿ ಅಕ್ಕ ಆಸ್ಪತ್ರೆಯ ಮಂಚದಿಂದ ಪಿಸುಗುಟ್ಟಿದ್ದಳು: "ಒಂದ್ಸಲ ಕೇಳಿಸೋ ತಮ್ಮಾ. ನನ್ನ ಗಂಟಲು ಹೇಗಿತ್ತು ಅಂತ ತಿಳ್ಕೊಂಡು ಒಳಗೆ ಹೋಗ್ತೀನಿ."

ಸ್ಟೇಷನ್ನಿನ ತಟ್ಟೆ ಹೊಸ್ತಿಲು ದಾಟುವಂತಿಲ್ಲ. ನಾಲ್ಕು ಗಂಟೆಯ ಕೋರಿಕೆ ಕಾರ್ಯಕ್ರಮ ಒಂದೇ ಗತಿ.

ಕಾರ್ಡಪ್ಪ ಮೊದಲ ಗೆರೆಯಲ್ಲಿ 'ಪಾಪ್' ಅಂತ ಬರೆದ. ಶಾಯಿ ಆರಿರಲಿಲ್ಲ, ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಕುಣಿತದ ಹಾಡು ಹಾಕುವಾಕೆ ಹೆಗಲ ಮೇಲಿಂದ ಬಗ್ಗಿದಳು.

"ಕೇಳದೇನೇ ಪಾಪ್ ಅಂತ ಬರೆದ್ರಾ?"

"ಚಿಕ್ಕವನಿದ್ದಾಗ ನನಗೆ ಸ್ನಾನ ಮಾಡಿಸ್ತಾ ಅಕ್ಕ ಇದನ್ನೇ ಹಾಡ್ತಿದ್ಲು. ನಂಗೆ ಬಾಯಿಪಾಠ ಬರುತ್ತೆ."

"ಹಾಗಾದ್ರೆ ಹಾಡಿ, ನೋಡೋಣ."

ಕಾರ್ಡಪ್ಪನ ಗಂಟಲೋ, ಹುಟ್ಟಿದಾಗಿಂದ ಎಣ್ಣೆ ಕಾಣದ ಗೇಟು. ಆದರೂ ಹಾಡಿದ. ಆಕೆಯ ಚಪ್ಪಲಿ ನೆಲ ಕುಟ್ಟತೊಡಗಿತು.

"ಇದು ಡಿಸ್ಕೋ ಕಣ್ರೀ! ನನ್ನ ಕಾಲು ಯಾವತ್ತೂ ಸುಳ್ಳು ಹೇಳಲ್ಲ."

"ಜೋಗುಳ," ಅಂದರು ಪಕ್ಕದ ಮೇಜಿನ ಬೋಳುತಲೆಯವರು. ಅವರದು ಮೆಲುದನಿಯ ಹಾಡುಗಳ ಕಾರ್ಯಕ್ರಮ. "ಎರಡನೇ ಸಾಲಿಗೇ ನಂಗೆ ಆಕಳಿಕೆ ಬಂತು."

"ನಿಮಗೆ ಬೆಂಕಿ ಬಿದ್ದಿದೆ ಅಂದ್ರೂ ಆಕಳಿಕೆ ಬರುತ್ತೆ!"

"ನಿಮಗೆ ಹಲ್ಲು ಕೀಳಿಸೋವಾಗ್ಲೂ ಕಾಲು ಕುಣಿಯುತ್ತೆ, ಹೋಗಮ್ಮ!"

ಬೆಳಿಗ್ಗೆ ಹತ್ತಕ್ಕೆ ಹತ್ತಿಕೊಂಡದ್ದು ಊಟದ ಹೊತ್ತು ದಾಟಿದರೂ ಆರಲಿಲ್ಲ. ಮೇಲಿನ ಮಹಡಿಯವರು ಇಳಿದು ಬಂದರು, ಕೆಳಗಿನವರು ಹತ್ತಿ ಬಂದರು. ಸರಕಾರ ಬೀಳುವಾಗಲೂ ಅಲ್ಲಿ ಅಷ್ಟು ಜನ ಸೇರಿರಲಿಲ್ಲ. ಬಂದವರಿಗೆಲ್ಲ ಕಾರ್ಡಪ್ಪ ಹಾಡಿ ತೋರಿಸಬೇಕು. ಹದಿನೇಳನೆಯ ಸಲಕ್ಕೆ ಆ ಹಾಡು ಸಿಪಾಯಿಗಳು ಹೆಜ್ಜೆ ಹಾಕುವ ಬ್ಯಾಂಡಿನ ಥರ ಆಗಿತ್ತು. ಗಡಿಯಾರದ ಮುಳ್ಳಿಗೆ ಮಾತ್ರ ಯಾರ ಮುದ್ರೆಯೂ ಬೇಕಿರಲಿಲ್ಲ, ಅದು ಎರಡೂವರೆ ಮುಟ್ಟಿತ್ತು.

ಕೊನೆಗೆ ಮೇಲ್ವಿಚಾರಕರೇ ಬಂದರು. ಅವರಿಗೆ ಮುದ್ರೆ ಸಾಹೇಬರು ಅಂತ ಅಡ್ಡಹೆಸರು. ನಗು ಬಂದರೂ ಎರಡು ಪ್ರತಿಯಲ್ಲಿ ಸಹಿ ಹಾಕಿ ನಗುವಂಥವರು. ಎಲ್ಲರ ಮಾತು ಕೇಳಿ ಬರೆಸಿದರು: 'ಪಾಪ್. ಸ್ವಭಾವ ಜೋಗುಳ. ಕುಣಿದರೆ ಅಭ್ಯಂತರವಿಲ್ಲ.'

ಕಾರ್ಡಪ್ಪನಿಗೆ ಹೋದ ಜೀವ ಬಂತು.

"ಬಿಡುಗಡೆ ಆಗಿದೆಯಾ?" ಅಂದರು ಸಾಹೇಬರು.

ಬಂದ ಜೀವ ಹೊರಟಿತು. "ತಟ್ಟೆ ಅಚ್ಚಾಗಿದೆ ಸಾರ್. ಅಂಗಡಿಗೆ ಹೋಗೋ ಮೊದಲೇ ಕಂಪನಿ ಮುಚ್ಚಿತು."

"ಹಾಗಾದ್ರೆ ಆಗಿಲ್ಲ. ಬಿಡುಗಡೆ ಆಗದ ಹಾಡು ಹಾಕೋ ಹಾಗಿಲ್ಲ."

"ನಾಳೆ ಅವಳ ಗಂಟಲು ಕೊಯ್ತಾರೆ ಸಾರ್."

ಕುಣಿತದಾಕೆ ಕಣ್ಣೊರೆಸಿಕೊಂಡಳು. ಬೋಳುತಲೆಯವರು ಬಂದ ಆಕಳಿಕೆಯನ್ನು ನುಂಗಿಕೊಂಡರು. ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಕಂಪನಿ ಹೊರಗಿನವರು ಒಬ್ಬರೇ ಒಬ್ಬರು ಆ ಹಾಡು ಕೇಳ್ಬೇಕು ಅಂತ ತಟ್ಟೆ ಕೊಂಡಿದ್ರೂ ಸಾಕಪ್ಪ, ಬಿಡುಗಡೆ ಅಂತ ಬರೀಬಹುದು. ಅಂಥವರು ಇದ್ದಾರಾ?"

ನಲವತ್ತು ವರ್ಷದ ಹಿಂದೆ ಕೊಂಡವರನ್ನು ಒಂದೂವರೆ ಗಂಟೆಯಲ್ಲಿ ಹುಡುಕುವುದು ಎಲ್ಲಿಂದ? ಕಾರ್ಡಪ್ಪ ಆಸ್ಪತ್ರೆಗೆ ಫೋನು ಮಾಡಿ, ಅಕ್ಕನ ಜೊತೆಗಿದ್ದ ಭಾವನಿಗೆ, ಆಗ ತಟ್ಟೆ ಕೊಂಡವರು ಒಬ್ಬರಾದರೂ ಬೇಕಂತೆ, ಆಗಲಿಲ್ಲ ಅಂತ ಅಕ್ಕನಿಗೆ ತಿಳಿಸಿ ಅಂದ.

ಆ ಕಡೆ ಭಾವ ಕೆಮ್ಮಿದರು. ಆಮೇಲೆ ದನಿ ತಗ್ಗಿಸಿದರು. "ನಾನು ಕೊಂಡಿದ್ದೆ ಕಣೋ."

"ಏನು?"

"ಕಂಪನಿ ಕಾವಲುಗಾರನ ಹತ್ರ. ಅವನು ಬಾಗಿಲಲ್ಲಿ ಕೂತು ಆ ತಟ್ಟೆ ಹಾಕ್ಕೊಂಡು ಕೇಳ್ತಿದ್ದ. ನಾನು ದಾರೀಲಿ ಹೋಗ್ತಿದ್ದವನು ನಿಂತುಬಿಟ್ಟೆ. ಕವರು ನೋಡಿದೆ, ಕೊಂಡೆ, ಈ ಹುಡುಗಿ ಮನೆ ಎಲ್ಲಿ ಅಂತ ಕೇಳಿದೆ. ಮುಂದಿನ ವಾರ ನಿಮ್ಮನೆಗೆ ಹೆಣ್ಣು ಕೇಳೋಕೆ ಬಂದೆ."

"ನಲವತ್ತು ವರ್ಷದಲ್ಲಿ ಒಂದಿನ ಬಾಯಿ ಬಿಡ್ಲಿಲ್ವಲ್ಲ ಭಾವ!"

"ನಾಚಿಕೆ ಕಣೋ. ತಟ್ಟೆ ಬೇರೆ ಕಿಟಕಿ ಬಿಸಿಲಿಗೆ ಬಾಗಿ ದೋಣಿ ಆಗೋಯ್ತು. ಏನಂತ ತೋರಿಸ್ಲಿ?"

ಸಾಹೇಬರು ಫೋನಿಗೆ ಕಿವಿಗೊಟ್ಟು ಈ ಹೇಳಿಕೆಯನ್ನು ಇನ್ನೊಂದು ಸಲ ಕೇಳಿ, 'ಬಿಡುಗಡೆ ಆಗಿದೆ, ಒಂದು ಪ್ರತಿ' ಅಂತ ತಾವೇ ಬರೆದು ಮುದ್ರೆ ಒತ್ತಿದರು. ಆ ಸದ್ದಿಗೆ ಇಡೀ ಕೋಣೆ ಚಪ್ಪಾಳೆ ತಟ್ಟಿತು.

ತಟ್ಟೆಯನ್ನು ಸಾಹೇಬರ ಕೈಗೆ ಕೊಟ್ಟು ಕಾರ್ಡಪ್ಪ ಆಸ್ಪತ್ರೆಗೆ ಓಡಿದ. ಬಸ್ಸು ಹಿಂದೆ ಬಿತ್ತು, ಸೈಕಲ್ಲು ಹಿಂದೆ ಬಿತ್ತು, ಅವನದೇ ಒಂದು ಚಪ್ಪಲಿಯೂ ಹಿಂದೆ ಬಿತ್ತು. ವಾರ್ಡಿಗೆ ನುಗ್ಗಿದಾಗ ನಾಲ್ಕು ಹೊಡೆಯುತ್ತಿತ್ತು. ನರ್ಸು ತನ್ನ ರೇಡಿಯೋವನ್ನು ಅಕ್ಕನ ದಿಂಬಿನ ಪಕ್ಕಕ್ಕೆ ಇಟ್ಟಿದ್ದಳು. ಅಕ್ಕ ತಲೆ ಬಾಚಿಕೊಂಡು, ಮನೆಗೆ ಯಾರೋ ದೊಡ್ಡವರು ಬರುತ್ತಾರೆ ಅನ್ನುವ ಹಾಗೆ ಎದ್ದು ಕೂತಿದ್ದಳು.

ಹಾಡು ಬಂತು. ಏನು ಕಂಠ ಅಂತೀರಿ! ವಾರ್ಡಿನ ರೋಗಿಗಳು ನರಳುವುದನ್ನು ಬಿಟ್ಟರು. ಭಾವ ಅಕ್ಕನ ಕೈ ಹಿಡಿದುಕೊಂಡು ಎಲ್ಲರೆದುರೇ ಅತ್ತರು.

"ಇದೇ ಕಣೇ! ಈ ದನಿಗೇ ನಾನು ನಿಮ್ಮನೆ ಬಾಗಿಲಿಗೆ ಬಂದದ್ದು!"

ಕಾರ್ಡಪ್ಪನಿಗೆ ಮಾತ್ರ ಏನೋ ಸರಿ ಕಾಣಲಿಲ್ಲ. ಸ್ನಾನದ ಹಾಡು ಇದಲ್ಲ. ಬೆಳಗಿಂದ ತಾನು ಹಾಡಿದ್ದೂ ಇದಲ್ಲ.

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಅದು ನಾನಲ್ಲ," ಅಂದಳು. "ಅದು ಇನ್ನೊಬ್ಬಳು. ಒಂದು ಬದಿ ಅವಳದು, ಒಂದು ಬದಿ ನಂದು. ಫೋಟೋ ದಿನ ಅವಳಿಗೆ ಹಲ್ಲುನೋವು, ಬರ್ಲಿಲ್ಲ."

ಭಾವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅಷ್ಟಕ್ಕೇ ಇದ್ದಿದ್ದರೆ ಆಗುತ್ತಿತ್ತು, ಮಾತೂ ಹೊರಗೆ ಬಂತು. "ಮದುವೆ ಆದ್ಮೇಲೆ ಯಾಕೋ ದನಿ ಬೇರೆ ಅನ್ನಿಸ್ತಿತ್ತು... ಅಡಿಗೆಮನೆ ಹೊಗೆ ಅಂದ್ಕೊಂಡಿದ್ದೆ."

ಕಾರ್ಡಪ್ಪ ಫೋನಿಗೆ ಹಾರಿದ. "ಸಾರ್! ತಟ್ಟೆ ಮಗುಚಿ ಹಾಕಿ! ಅಕ್ಕ ಆ ಬದಿ!"

"ಆ ಬದಿಗೆ ಕಾರ್ಡು ಎಲ್ಲಪ್ಪ?" ಅಂದರು ಸಾಹೇಬರು. ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. "ಹಾಡಿನ ಬಗೆಯೇನೋ, ಬೆಳಗಿಂದ ನೀನು ಹಾಡಿದ್ದು ಆ ಬದಿಯ ಹಾಡೇ ಆದ್ರೆ, ಸರಿಹೋಯ್ತು. ಆದ್ರೆ ಬಿಡುಗಡೆ? ನಿನ್ನ ಭಾವ ಕೊಂಡದ್ದು ಈ ಹಾಡಿಗೆ. ಆ ಬದಿ ಯಾವತ್ತಾದ್ರೂ ಕೇಳಿದ್ರಂತಾ, ಒಂದ್ಸಲ ಕೇಳು. ಹೂಂ ಅಂದ್ರೆ ಸಾಕು, ಈಗ್ಲೇ ಒತ್ತುತೀನಿ."

ಕಾರ್ಡಪ್ಪ ಫೋನನ್ನು ಎದೆಗೊತ್ತಿಕೊಂಡು ತಿರುಗಿದ.

"ಭಾವ, ಹಿಂದಿನ ಬದಿ ಯಾವತ್ತಾದ್ರೂ ಕೇಳಿದ್ರಾ?"

ಭಾವ ನರ್ಸನ್ನು ನೋಡಿದರು, ಗೋಡೆ ನೋಡಿದರು, ಕಾರ್ಡಪ್ಪನ ಬರಿಗಾಲನ್ನು ನೋಡಿದರು. ಅಕ್ಕನೊಬ್ಬಳನ್ನು ಮಾತ್ರ ನೋಡಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನಲವತ್ತು ವರ್ಷದ ಸಂಸಾರ ಅವರಿಗೆ ಬೇರೆಲ್ಲ ಕಲಿಸಿತ್ತು, ಅದೊಂದನ್ನು ಕಲಿಸಿರಲಿಲ್ಲ.

ಅಕ್ಕ ದಿಂಬಿಗೆ ಒರಗಿ ತಮ್ಮನ ಕಡೆ ತಿರುಗಿದಳು.

"ಬರ್ಕೊಳ್ಳಪ್ಪ," ಅಂದಳು. "ಬಿಡುಗಡೆ ಆಗಿಲ್ಲ."