ಮರೂನ್ ಎಂಬ ಮಾಯೆ

ನಮ್ಮ ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯದ ದಿನ ಇರಬಹುದು, ಬಣ್ಣದ ರಗಳೆ ಇಲ್ಲದ ದಿನ ಇಲ್ಲ. ಚಿತ್ರದುರ್ಗದ ಕಚೇರಿಯಲ್ಲಿ ನಾನು ಗುತ್ತಿಗೆ ಮೇಲಿರುವ ಡಿಸೈನರ್. ವೆಬ್‌ಸೈಟು, ಬ್ಯಾನರು, ಕಾಲೇಜಿನ ಗೇಟು, ಎಲ್ಲೆಡೆ ಒಂದೇ ಮರೂನ್ ಬಣ್ಣ ಇರತಕ್ಕದ್ದು ಎಂದು ಆದೇಶವಾಯಿತು. "ತಪಾಸಣಾ ಸಮಿತಿ ಬರ್ತೈತೆ. ಬಣ್ಣ ಹೆಚ್ಚುಕಡಿಮೆ ಆಯ್ತೋ, ನಿಮ್ಮ ಗುತ್ತಿಗೆ ಅಲ್ಲಿಗೆ ಮುಗೀತು" ಎಂದರು ಕುಲಸಚಿವರು. ನನಗೆ ನಿದ್ದೆ ಹಾರಿಹೋಯಿತು.

ಕುಲಪತಿಗಳ ಫೋನು

ವೆಬ್‌ಸೈಟು ಮರೂನ್ ಆದ ಕೂಡಲೇ ಕುಲಪತಿಗಳು ಕರೆಸಿದರು. "ಏನ್ರೀ ಇದು, ಕೇಸರಿ? ನನ್ನನ್ನ ಯಾವ ಪಕ್ಷಕ್ಕೆ ಸೇರಿಸ್ಬೇಕು ಅಂತಿದ್ದೀರಿ?"

ನೋಡಿದರೆ ಅವರ ಫೋನಿನಲ್ಲಿ ಕಣ್ಣಿಗೆ ತಂಪೆಂದು ಪರದೆಯನ್ನೆಲ್ಲ ಹಳದಿ ಮಾಡುವ ಸೆಟ್ಟಿಂಗ್ ಆನ್ ಆಗಿತ್ತು. ಅವರದೇ ಫೋಟೋ ಅರಿಶಿನ ಹಚ್ಚಿದ ಮದುಮಗನ ಹಾಗೆ ಕಾಣುತ್ತಿತ್ತು. ಅದನ್ನು ಆರಿಸಿದೆ. ಮರೂನ್ ಬಂತು.

"ಕಣ್ಣು ಉರೀತದೆ, ಮೊದಲಿನಂಗೆ ಮಾಡ್ರಿ."

ಮಾಡಿದೆ.

"ನೋಡ್ರಿ, ಮತ್ತೆ ಕೇಸರಿ!"

ಕೊನೆಗೆ ಅವರ ಫೋನಿನಲ್ಲಿ ಮರೂನ್ ಕಾಣುವ ತನಕ ವೆಬ್‌ಸೈಟಿನ ಬಣ್ಣವನ್ನೇ ತಿದ್ದಿದೆ. ಮಿಕ್ಕ ಜಗತ್ತಿಗೆಲ್ಲ ಅದು ಬದನೆಕಾಯಿ.

ಹಿರಿಯೂರಿನ ಫ್ಲೆಕ್ಸು

ಹಿರಿಯೂರಿನ ಕಾಲೇಜಿಗೆ ಸ್ವಾಗತದ ಬ್ಯಾನರ್ ಮಾಡಿಸಲು ಹೋದರೆ ಅಲ್ಲಿನ ಫ್ಲೆಕ್ಸ್ ಅಂಗಡಿಯವನು ಬಿಚ್ಚಿ ತೋರಿಸಿದ್ದು ಪಾಚಿ ಬಣ್ಣದ್ದು.

"ಕೆಂಪು ಇಂಕು ಖಾಲಿ ಸರ್. ನಿನ್ನೆ ನಮ್ಮ ಲೀಡರ್ ಬರ್ತ್‌ಡೇ. ಅವರ ಕೆನ್ನೆಗೇ ಅರ್ಧ ಡಬ್ಬಿ ಹೋತು."

"ನಮ್ಮ ಗತಿ ಏನಪ್ಪ?"

"ನಿಮ್ಮೋರು ಓದಿರೋ ಜನ ಬಿಡ್ರಿ, ಅಡ್ಜಸ್ಟ್ ಮಾಡ್ಕಂತಾರೆ."

ಹೊಸದುರ್ಗದ ಗೇಟು

ಹೊಸದುರ್ಗದ ಕಾಲೇಜಿಗೆ ಮರೂನ್ ಬಣ್ಣದ ಕಾರ್ಡನ್ನೇ ಕಳಿಸಿ, ಇದನ್ನು ನೋಡಿ ಗೇಟಿಗೆ ಬಳಿಸಿ ಎಂದಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಬೀರು, ಕಂಪ್ಯೂಟರುಗಳ ಜೊತೆ ಕಾರ್ಡಿಗೂ ವಿಭೂತಿ ಬಳಿದು, ನಡುವೆ ದೊಡ್ಡದಾಗಿ ಕುಂಕುಮ ಇಟ್ಟರು. ಪೇಂಟರು ಆ ಕುಂಕುಮಕ್ಕೇ ಸರಿಯಾಗಿ ಬಣ್ಣ ಕಲಸಿದ.

"ಒರೆಸಿ ಕೊಡಬಾರದಿತ್ತಾ ಸರ್?" ಎಂದು ಪ್ರಿನ್ಸಿಪಾಲರನ್ನು ಕೇಳಿದೆ.

"ಪೂಜೆ ಮಾಡಿದ್ದನ್ನ ಒರೆಸ್ತಾರೇನ್ರಿ? ನಿಮ್ಮನೇಲಿ ಅಂಗೇ ಮಾಡ್ತೀರಾ?"

ನಾನು ಕೈಮುಗಿದು ಬಂದೆ. ಗೇಟಿಗೋ ಅವರಿಗೋ ನನಗೇ ಗೊತ್ತಿಲ್ಲ.

ಸಮಿತಿ ಬಂತು

ಸಮಿತಿಯ ಅಧ್ಯಕ್ಷರು ಬದನೆಕಾಯಿ ವೆಬ್‌ಸೈಟು, ಪಾಚಿ ಬ್ಯಾನರು, ಕುಂಕುಮದ ಗೇಟು ಎಲ್ಲ ನೋಡಿದರು. ಕುಲಸಚಿವರು ನನ್ನನ್ನು ನೋಡಿದರು.

"ಒಂದೊಂದು ಕಡೆ ಒಂದೊಂದು ಬಣ್ಣ! ವೈವಿಧ್ಯ ಅಂದ್ರೆ ಇದು. ಯಾರ ಐಡಿಯಾ?" ಎಂದರು ಅಧ್ಯಕ್ಷರು.

ಕುಲಪತಿಗಳು ಶಾಲು ಸರಿಮಾಡಿಕೊಂಡು "ನನ್ನದೇ" ಎಂದರು.

ಮರುದಿನವೇ ಹೊಸ ಆದೇಶ: ಯಾವ ಎರಡು ಕಡೆಯೂ ಒಂದೇ ಬಣ್ಣ ಇರಕೂಡದು. ಅದನ್ನು ನೋಡಿಕೊಳ್ಳಲು ನನ್ನ ಗುತ್ತಿಗೆ ಮುಂದುವರಿಯಿತು. ಇಂಥ ಸುಖದ ನೌಕರಿ ಉಂಟೇ ಎಂದು ಹಿಗ್ಗಿದೆ. ಬಣ್ಣ ಬೇರೆಬೇರೆ ಮಾಡುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಾರ ಕಳೆದಿರಲಿಲ್ಲ, ಹೊಸದುರ್ಗದ ಪ್ರಿನ್ಸಿಪಾಲರ ಫೋನು. "ಹಿರಿಯೂರಿನ ಬ್ಯಾನರ್ ನೋಡ್ದೆ ಕಣ್ರಿ, ಕಣ್ಣಿಗೆ ತಂಪಾಗೈತೆ. ಅದೇ ಬಣ್ಣ ಗೇಟಿಗೆ ಬಳಿಸೀನಿ. ಉಳಿದ ಪೇಂಟು ಹೊಳಲ್ಕೆರೆ ಕಾಲೇಜಿಗೆ ಕೊಟ್ಟೆ. ಒಂಚೂರೂ ವ್ಯತ್ಯಾಸ ಇಲ್ಲ, ಬಂದು ನೋಡ್ರಿ!"

ಹೋಗಿ ನೋಡಿದೆ. ನನ್ನ ನೌಕರಿಯಲ್ಲಿ ಮೊದಲ ಸಲ ಮೂರೂರಿನಲ್ಲೂ ಒಂದೇ ಬಣ್ಣ.

ವಾಪಸು ಬರುವಷ್ಟರಲ್ಲಿ ಮೇಜಿನ ಮೇಲೆ ಕುಲಸಚಿವರ ನೋಟಿಸು ಕೂತಿತ್ತು. ಬಣ್ಣ ಒಂದೇ ಆಗಿದ್ದಕ್ಕೆ ಕಾರಣ ಕೊಡಬೇಕಂತೆ, ಇಲ್ಲದಿದ್ದರೆ ಗುತ್ತಿಗೆ ರದ್ದಂತೆ. ನೋಟಿಸಿನ ತಲೆಯ ಮೇಲಿದ್ದ ನಮ್ಮ ಲಾಂಛನವೂ ಅದೇ ಪಾಚಿ ಬಣ್ಣ. ಕುಲಸಚಿವರ ಪ್ರಿಂಟರಿನಲ್ಲೂ ಕೆಂಪು ಇಂಕು ಮುಗಿದಿತ್ತು.