ಅಪ್ಪನ ನಾಲಿಗೆಯ ಪರೀಕ್ಷೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನಾಲಿಗೆಗೆ ರುಚಿ ಹೇಗೆ ತಿಳಿಯುತ್ತದೆ ಎಂದು ಸಂಶೋಧನೆ ಮಾಡುವವನು ನಾನು. ಬನಹಟ್ಟಿಯ ನಮ್ಮ ಓಣಿಯವರಿಗೆ ಇದನ್ನು ವಿವರಿಸಿದಾಗಲೆಲ್ಲ, "ಅಂದ್ರ ಇಷ್ಟು ಓದಿ ಅಡಗಿ ರುಚಿ ನೋಡ್ತೀರೇನ್ರೀ? ನಮ್ಮನ್ಯಾಗ ನಮ್ಮತ್ತಿ ಪುಕ್ಕಟ ನೋಡ್ತಾಳ್ರೀ" ಎನ್ನುತ್ತಾರೆ. ಹದಿನೈದು ವರ್ಷದಿಂದ ಕಂಡವರ ಬಾಯಿಗೆಲ್ಲ ಸಕ್ಕರೆ ನೀರು, ಉಪ್ಪು ನೀರು ಹನಿಸಿ "ಏನನ್ನಿಸಿತು?" ಎಂದು ಬರೆದುಕೊಂಡ ನಾನು ಸ್ವಂತ ಅಪ್ಪನ ಹತ್ತಿರ ಮೋಸಹೋದೆ.

ಅಪ್ಪ ನಲವತ್ತು ವರ್ಷ ಮಗ್ಗ ನಡೆಸಿದವರು. ಹೋದ ವರ್ಷ ಗಂಟಲಿನ ಗಡ್ಡೆಗೆ ರೇಡಿಯೇಶನ್ ಕೊಟ್ಟ ಮೇಲೆ ಅವರ ರುಚಿ ಹೋಯಿತು. ಮರಳಿ ಬರಬಹುದು, ಬಾರದೆಯೂ ಇರಬಹುದು. ಫೋನಿನಲ್ಲಿ ಮಾತ್ರ ದಿನವೂ, "ಬ್ಯಾಳಿ ಛಲೋ ಆಗಿತ್ತಪಾ" ಎನ್ನುತ್ತಿದ್ದರು. ನೋಡಿಯೇ ಬಿಡೋಣವೆಂದು ಪುಟ್ಟ ಬಟ್ಟಲುಗಳನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೋದೆ. ದೇವರನ್ನು ನಂಬದ ನಾನು ಬಸ್ಸಿನಲ್ಲಿ ಹರಕೆ ಹೊತ್ತಿದ್ದೂ ನಿಜ.

ಅಪ್ಪನನ್ನು ಹೊರಸಿನ ಮೇಲೆ ಕೂರಿಸಿದೆ. ಬೆರಕೆ ಸರಿಯಾಗಿದೆಯೇ ಎಂದು ಪ್ರತಿ ಬಟ್ಟಲನ್ನೂ ಮೊದಲು ಅವ್ವನಿಂದ ರುಚಿ ನೋಡಿಸಿ ಅಪ್ಪನಿಗೆ ಕೊಟ್ಟೆ. ಅವ್ವ ನನ್ನ ಹಿಂದೆ ನಿಂತಿದ್ದಳು. ಸಿಹಿ, ಹುಳಿ, ಕಹಿ, ಮೂರೂ ಸರಿ! ಕುಣಿಯುವಷ್ಟು ಸಂತೋಷವಾಗಿ, ಉಪ್ಪು ನೀರನ್ನು ಅವ್ವನಿಗೆ ತೋರಿಸುವುದನ್ನೂ ಮರೆತು ನೇರವಾಗಿ ಅಪ್ಪನ ಕೈಗಿತ್ತೆ. ಅವರು ಅದನ್ನು ಬಾಯಲ್ಲಿಟ್ಟುಕೊಂಡು ನನ್ನ ಭುಜದಾಚೆ ನೋಡುತ್ತ ಕುಳಿತರು. ತಿರುಗಿದೆ. ಅವ್ವ ಬೆರಳಾಡಿಸಿ ತನಗೆ ಗೊತ್ತಿಲ್ಲವೆಂದು ಅವರಿಗೆ ತಿಳಿಸುತ್ತಿದ್ದಳು. ಮಗ್ಗದ ಖಟಖಟದಲ್ಲಿ ಮಾತು ಕೇಳಿಸದೆ ಗಂಡಹೆಂಡಿರು ಕೈಸನ್ನೆಯಲ್ಲೇ ಸಂಸಾರ ಮಾಡಿದ ಮನೆ ಅದು. ಅಲ್ಲೇ ಬೆಳೆದ ನನಗೆ ಅದು ನೆನಪಾಗಿರಲಿಲ್ಲ.

"ಏನವ್ವಾ ಇದು ಮೋಸ?" ಎಂದು ಸಿಡುಕಿದೆ.

"ಏನ್ ಮಾಡ್ಲೋ? ಆಸೆ ಇಟ್ಕೊಂಡು ಅಷ್ಟು ದೂರದಿಂದ ಬಂದಿ. 'ಹುಡುಗನ ಮಾರಿ ಸಣ್ಣದಾಗತೈತಿ, ನೀ ಹೇಳಿಕೊಡು' ಅಂದ್ರು ಇವರು."

ಅಪ್ಪ ಉಪ್ಪು ನೀರನ್ನು ಉಗುಳಿ, "ಏನ್ ತಿಂದ್ರೂ ಮಣ್ಣ ತಿಂದಂಗ ಆಗತೈತಿ ತಮ್ಮಾ. ನೀ ಮನಸಿಗೆ ಹಚ್ಕೋಬ್ಯಾಡ" ಎಂದರು. ಸಮಾಧಾನ ಹೇಳಬೇಕಾಗಿದ್ದವನು ನಾನು. ಹದಿನೈದು ವರ್ಷದ ವಿದ್ಯೆಯಲ್ಲಿ ಅವರಿಗೆ ಕೊಡುವಂಥದ್ದು ಏನೂ ಇರಲಿಲ್ಲ. ಬಟ್ಟಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತೆ.

ಮಧ್ಯಾಹ್ನ ಅಪ್ಪನ ಎದುರಿಗೆ ಕೂತು ರೊಟ್ಟಿ, ಬ್ಯಾಳಿ ಉಂಡೆ. ನಮ್ಮದು ಮುಗಿದ ಮೇಲೆ ಉಣ್ಣಲು ಕೂತ ಅವ್ವ ಮೊದಲ ತುತ್ತಿಗೇ ತಡೆದಳು.

"ಯವ್ವಾ! ಬ್ಯಾಳಿಗೆ ಉಪ್ಪ ಹಾಕಿಲ್ಲ! ಇವರಿಗಂತೂ ಗೊತ್ತಾಗಂಗಿಲ್ಲ. ನೀ ಎರಡು ಸಲ ಹಾಕಿಸ್ಕೊಂಡಿ, ನಿನಗೇನಾಗಿತ್ತೋ?"

ರುಚಿಯ ಪಂಡಿತನಾದ ನಾನು ಊಟದುದ್ದಕ್ಕೂ ಅಪ್ಪ ತುತ್ತು ನುಂಗುವುದನ್ನೇ ನೋಡುತ್ತಿದ್ದೆ.