ಹದಿನೆಂಟು ಕೋಟು, ಒಂದು ಗುಲಾಬಿ ಗೆರೆ

ಲ್ಯಾಪ್‌ಟಾಪು ಮನೆಗೆ ಬಂದ ದಿನವೇ ಅತ್ತೆಗೂ ಸೊಸೆಗೂ ಜಟಾಪಟಿ ಶುರುವಾಯಿತು. ಜಗಳ ಲ್ಯಾಪ್‌ಟಾಪಿನದ್ದಲ್ಲ, ಅದರೊಳಗೆ ಕಂಡ ಒಂದು ಕೋಟಿನದ್ದು.

ಆ ಯಂತ್ರ ಸೊಸೆಯ ಆಫೀಸಿನಲ್ಲಿ ಎರಡು ವರ್ಷ ಅವಳ ಕೈಕೆಳಗೆ ದುಡಿದು ನಿವೃತ್ತಿ ಹೊಂದಿತ್ತು. ಆಫೀಸಿಗೆ ಹೊಸದು ಬಂದಾಗ ಹಳೆಯದನ್ನು ಇವಳಿಗೇ ಕೊಟ್ಟುಬಿಟ್ಟರು. ಇವಳು ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು.

"ಅತ್ತೆ, ಇನ್ಮೇಲೆ ನಿಮ್ಮ ಹೊಲಿಗೆ ಆರ್ಡರೆಲ್ಲ ಇದರಲ್ಲೇ ಬರುತ್ತೆ. ನೋಡಿ, ಮೊದಲನೇದು ಬಂದೇ ಬಂತು. ಬ್ಯಾಂಡ್ ಮೇಷ್ಟ್ರು ಹದಿನೆಂಟು ಕೋಟು ಕೇಳಿದ್ದಾರೆ. ಇದೇ ಮಾದರಿ."

ಹೊಲಿಗೆ ಮಿಷನ್ನಿನ ಮುಂದೆ ಮಣೆಯ ಮೇಲೆ ಕೂತಿದ್ದ ಅತ್ತೆ ಕತ್ತೆತ್ತಿ ನೋಡಿದರು. ಪರದೆಯ ತುಂಬ ಒಬ್ಬ ಮೀಸೆಯ ಗಂಡಸು ಕೋಟು ತೊಟ್ಟು ನೆಟ್ಟಗೆ ನಿಂತಿದ್ದ.

"ಬೂದಿ ಬಣ್ಣ. ಚೆನ್ನಾಗಿದೆ."

"ಬೂದಿ ಎಲ್ಲಿ ಅತ್ತೆ? ನೀಲಿ!"

"ನಲವತ್ತೊಂದು ವರ್ಷ ಬಟ್ಟೆ ನೋಡಿದ ಕಣ್ಣು ಕಣೇ ಇದು. ಬೂದಿ."

"ಹಾಗಾದ್ರೆ ಎದ್ದು ಬಂದು ನೋಡಿ."

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ನೀಲಿ! ಸೊಸೆ ಅನುಮಾನದಿಂದ ಮಣೆಯ ಮೇಲೆ ಕೂತು ನೋಡಿದಳು. ಬೂದಿ! "ಹೌದಲ್ಲ, ಬೂದಿನೇ" ಎಂದು ಅವಳು ಶರಣಾಗುವ ಹೊತ್ತಿಗೆ ಅತ್ತೆ ನೀಲಿಯ ಪಕ್ಷ ಸೇರಿಬಿಟ್ಟಿದ್ದರು. ಮತ್ತೆ ಇವರು ಕೂತರು, ಅವಳು ಎದ್ದಳು. ಬಣ್ಣ ಬದಲಾಯಿತು, ಪಕ್ಷ ಬದಲಾಯಿತು, ಜಗಳ ಮಾತ್ರ ಇದ್ದಲ್ಲೇ ಇತ್ತು. (ಮಗ ಒಳಗೆ ಬಂದವನು ತಾಯಿಯೂ ಹೆಂಡತಿಯೂ ಸರದಿಯ ಮೇಲೆ ಬಸ್ಕಿ ಹೊಡೆಯುವುದನ್ನು ಕಂಡು ಸದ್ದಿಲ್ಲದೆ ಹೊರಟುಹೋದ. ಈ ಕಥೆಯಲ್ಲಿ ಅವನು ಮತ್ತೆ ಬರುವುದಿಲ್ಲ. ಜಾಣ.) ಕೊನೆಗೆ ಇಬ್ಬರೂ ಅರ್ಧ ಬಗ್ಗಿ, ಕಣ್ಣನ್ನು ಪರದೆಯ ನೇರಕ್ಕೆ ತಂದುಕೊಂಡು, ನೀಲಿ ಎಂದು ಒಪ್ಪಂದಕ್ಕೆ ಬಂದರು.

ಆದರೆ ಈ ವ್ಯಾಯಾಮದ ನಡುವೆ ಅತ್ತೆಗೆ ಒಂದು ಪರಮಸತ್ಯದ ದರ್ಶನವಾಗಿತ್ತು. ಕೋಟಿನ ಗುಂಡಿಸಾಲಿನ ಎಡಕ್ಕೆ, ಮೇಲಿಂದ ಕೆಳಗಿನವರೆಗೆ, ದಾರದಷ್ಟು ತೆಳ್ಳಗೆ ಒಂದು ಗುಲಾಬಿ ಗೆರೆ. ಕೂತರೂ ಗುಲಾಬಿ, ನಿಂತರೂ ಗುಲಾಬಿ, ಬಗ್ಗಿದರೂ ಗುಲಾಬಿ. ನೀಲಿ ಬೂದಿಯಾಗಬಹುದು, ಕಪ್ಪು ಮೀಸೆ ಬೆಳ್ಳಗಾಗಬಹುದು (ಮಣೆಯ ಮೇಲಿಂದ ಆಗಿತ್ತು), ಗೆರೆ ಮಾತ್ರ ಕದಲಲಿಲ್ಲ. ಈ ಚಿತ್ರದಲ್ಲಿ ನಂಬತಕ್ಕದ್ದು ಒಂದಿದ್ದರೆ ಅದು ಈ ಗೆರೆಯೇ ಎಂದು ಅತ್ತೆ ತೀರ್ಮಾನಿಸಿದರು.

ಸೊಸೆಗೆ ಬಾಯಿರಲಿಲ್ಲವೇ ಎಂದು ನೀವು ಕೇಳಬಹುದು. ಬಾಯಿತ್ತು, ಗೆರೆ ಕಾಣುತ್ತಿರಲಿಲ್ಲ. ಎರಡು ವರ್ಷ ದಿನಕ್ಕೆ ಎಂಟು ಗಂಟೆ ಅದನ್ನೇ ನೋಡಿ ನೋಡಿ, ನಮ್ಮ ಮೂಗಿನ ತುದಿ ನಮಗೆ ಕಾಣದ ಹಾಗೆ, ಅದು ಅವಳ ಕಣ್ಣಿಂದ ಮಾಯವಾಗಿತ್ತು.

ಇನ್ನು ಅತ್ತೆಯ ಪದ್ಧತಿ ಊರಿಗೇ ಗೊತ್ತು. ಮಾದರಿ ಹೇಗೋ ಹೊಲಿಗೆ ಹಾಗೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ತೀರಿಹೋದ ಯಜಮಾನರು ಕತ್ತರಿ ಕೈಗೆ ಕೊಟ್ಟ ದಿನ ಹೇಳಿಕೊಟ್ಟದ್ದು ಅದೊಂದೇ: "ಮಾದರಿಗೆ ನಿನ್ನ ಬುದ್ಧಿ ಸೇರಿಸಬೇಡ." ಒಮ್ಮೆ ಅಂಚೆಯವರು ಅಳತೆಗೆಂದು ಹಳೆಯ ಅಂಗಿ ಕೊಟ್ಟಿದ್ದರು. ಅದರ ಮೊಣಕೈಯಲ್ಲಿ ತೇಪೆಯಿತ್ತು. ಹೊಸ ಅಂಗಿಗೂ ಅತ್ತೆ ಅಲ್ಲೇ, ಅಷ್ಟೇ ಅಗಲದ ತೇಪೆ ಹಾಕಿಕೊಟ್ಟರು. ಅಂಚೆಯವರು ಬಾಯಿ ತೆರೆದರು, ಅತ್ತೆಯ ಮುಖ ನೋಡಿದರು, ಬಾಯಿ ಮುಚ್ಚಿದರು, ತೊಟ್ಟುಕೊಂಡು ಹೋದರು. ನಲವತ್ತೊಂದು ವರ್ಷದಲ್ಲಿ ಅತ್ತೆ ಹೊಲಿದ ಒಂದು ಬಟ್ಟೆಯೂ ವಾಪಸು ಬಂದದ್ದಿಲ್ಲ. ಅದೇ ಅವರ ಆಸ್ತಿ, ಅದೇ ಅವರ ಪದವಿ.

ಪರದೆಯ ಮೇಲೇ ಟೇಪಿಟ್ಟು ಅಳೆದರು. ಚಿತ್ರದ ಕೋಟಿಗೂ ನಿಜದ ಕೋಟಿಗೂ ತಾಳೆ ಹಾಕಿದಾಗ ಗೆರೆ ಗುಂಡಿಯಿಂದ ಎರಡೂಕಾಲು ಇಂಚು ದೂರ ಬಂತು. ಅದು ಮೇಲೆ ಟೋಪಿಯನ್ನೂ ಕೆನ್ನೆಯನ್ನೂ ಸೀಳಿ, ಕೆಳಗೆ ಬೂಟಿನ ಮೇಲೂ ಹಾದುಹೋಗಿತ್ತು. 'ಕೆನ್ನೆ, ಬೂಟು ನನ್ನ ಆರ್ಡರಿನಲ್ಲಿಲ್ಲ. ಮೇಷ್ಟ್ರೇ ನೋಡಿಕೊಳ್ಳಲಿ' ಎಂದುಕೊಂಡು ಅತ್ತೆ ಗುಲಾಬಿ ದಾರ ಪೋಣಿಸಿದರು. ಸೊಸೆ ಆಫೀಸಿಗೆ ಹೋಗುವ ಗಡಿಬಿಡಿಯಲ್ಲಿ ಒಂದೆರಡು ಕೋಟು ನೋಡಿದಳು. ಬ್ಯಾಂಡಿನವರ ಷೋಕಿ ಇರಬೇಕು ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಟಳು.

ಬುಧವಾರ ಮೇಷ್ಟ್ರು ಬಂದರು. ಗಂಟು ಹೊರಲು ಡ್ರಮ್ಮಿನವನೂ ಬಂದಿದ್ದ. ಅವನ ಹೊಟ್ಟೆಯನ್ನು ನೋಡಿದರೆ ಡ್ರಮ್ಮನ್ನು ಎಲ್ಲಿಗೆ ಕಟ್ಟಿಕೊಳ್ಳುತ್ತಾನೆ ಎಂಬುದೇ ಪ್ರಶ್ನೆ.

"ಅಮ್ಮಾ, ಇದೇನಿದು ಗೆರೆ?"

"ಮಾದರೀಲಿರೋದು."

"ನಾನು ಕಳಿಸಿದ್ದರಲ್ಲಿ ಗೆರೆಯೇ ಇಲ್ಲ!" ಮೇಷ್ಟ್ರು ಫೋನು ತೆಗೆದು ತೋರಿಸಿದರು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ನಿಮ್ಮ ಫೋನು ಸಣ್ಣದು ಮೇಷ್ಟ್ರೇ. ಗೆರೆ ಹಿಡಿಸಿಲ್ಲ. ದೊಡ್ಡದರಲ್ಲಿ ನೋಡಿ. ಮಗಳೇ, ತೆಗೆಯೇ ಅದನ್ನ."

ಸೊಸೆ ಲ್ಯಾಪ್‌ಟಾಪು ತೆರೆದಳು. ಗೆರೆ ಇತ್ತು! ಅತ್ತೆ ಸೆರಗು ಸರಿಪಡಿಸಿಕೊಂಡು ಜಯಶಾಲಿಯಾಗಿ ನಿಂತರು. ಮೇಷ್ಟ್ರು ಒಂದು ಗುಂಡಿ ಒತ್ತಿದರು. ಮುಂದಿನ ಚಿತ್ರ ಒಂದು ಮಗುವಿನದು. ಮಗುವಿನ ಮೇಲೂ ಗೆರೆ. ಆಮೇಲೆ ಒಂದು ಬಸ್ಸು. ಬಸ್ಸಿನ ಮೇಲೂ ಗೆರೆ. ಆಮೇಲೆ ಖಾಲಿ ಬಿಳಿ ಹಾಳೆ.

"ಇವಕ್ಕೆಲ್ಲ ಯಾರಮ್ಮ ಹೊಲಿದದ್ದು? ನೀವೇನಾ?"

"ಅಯ್ಯೋ, ಆ ಗೆರೆನಾ!" ಸೊಸೆ ತಲೆ ಚಚ್ಚಿಕೊಂಡಳು. "ಅದು ಸ್ಕ್ರೀನು ಕೆಟ್ಟಿರೋದು ಅತ್ತೆ!"

"ಕೆಟ್ಟಿದೆ ಅಂತ ಮೊದಲೇ ಹೇಳೋಕೇನಾಗಿತ್ತು ನಿನಗೆ?"

"ನೀವು ಅದನ್ನ ಹೊಲೀತೀರಾ ಅಂತ ನನಗೇನು ಕನಸು ಬಿದ್ದಿತ್ತಾ?"

"ಭಾನುವಾರ ನಮ್ಮ ಕಾರ್ಯಕ್ರಮ," ಎಂದರು ಮೇಷ್ಟ್ರು. "ಶನಿವಾರದೊಳಗೆ ಗೆರೆ ಹೋಗಿರಬೇಕು. ಇಲ್ಲಾಂದ್ರೆ ಹದಿನೆಂಟೂ ವಾಪಸು."

ವಾಪಸು! ಅತ್ತೆ ಗೋಡೆ ಹಿಡಿದುಕೊಂಡರು. ಇಷ್ಟೆಲ್ಲ ನಡೆಯುವಾಗ ಡ್ರಮ್ಮಿನವನು ಒಂದು ಕೋಟು ತೊಟ್ಟು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗುತ್ತಿದ್ದ. ಮೇಷ್ಟ್ರು ಎರಡು ಸಲ ಗದರಿಸಿದ ಮೇಲೆ ಒಲ್ಲದ ಮನಸ್ಸಿನಿಂದ ಬಿಚ್ಚಿಕೊಟ್ಟ.

ಅತ್ತೆ ಮೂರು ದಿನ ಗೆರೆ ಬಿಚ್ಚಿದರು. ಎಳೆ ಎಳೆಯಾಗಿ ತೆಗೆದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಸೂಜಿಯ ತೂತು ಎಲ್ಲಿತ್ತೆಂದು ಅವರೇ ಹುಡುಕಿದರೂ ಸಿಗದಂತೆ ಅಳಿಸಿದರು. ಸೊಸೆಯೂ ಪ್ರಾಯಶ್ಚಿತ್ತವೆಂದು ಲ್ಯಾಪ್‌ಟಾಪಿಗೆ ಹೊಸ ಸ್ಕ್ರೀನು ಹಾಕಿಸಿಕೊಂಡು ಬಂದಳು.

ಶನಿವಾರ ಬೆಳಿಗ್ಗೆ ಹದಿನೆಂಟನೆಯ ಕೋಟಿನ ಕೊನೆಯ ಎಳೆ ಕೈಗೆ ಬರುವುದಕ್ಕೂ ಮೇಷ್ಟ್ರು ಏದುಸಿರು ಬಿಡುತ್ತ ಬರುವುದಕ್ಕೂ ಸರಿಹೋಯಿತು.

"ಬಿಚ್ಚಬೇಡಿ ಅಮ್ಮಾ!"

"ಬಿಚ್ಚಿ ಆಯ್ತು."

ಮೇಷ್ಟ್ರು ಹೊಸಿಲ ಮೇಲೇ ಕುಸಿದು ಕೂತರು. ಡ್ರಮ್ಮಿನವನು ಎಲ್ಲರಿಗೂ ಸಾರಿಬಿಟ್ಟಿದ್ದನಂತೆ, ಆ ಗೆರೆ ಇದ್ದರೆ ಹೊಟ್ಟೆ ಕಾಣುವುದಿಲ್ಲ ಎಂದು. ಬ್ಯಾಂಡಿನ ಹದಿನೆಂಟು ಜನರಲ್ಲಿ ಹದಿನೇಳು ಜನಕ್ಕೆ ಹೊಟ್ಟೆ. (ಉಳಿದವನು ಕೊಳಲಿನವನು, ಅವನಿಗೆ ಮುಂದೆ ಹೊಟ್ಟೆ ಬಂದೀತೆಂಬ ಭಯ.) "ಗೆರೆ ಇಲ್ಲದ ಕೋಟು ತೊಡೋದೇ ಇಲ್ಲ ಅಂತಾರಮ್ಮ. ಇವತ್ತು ಸಂಜೆಗೆ ಮತ್ತೆ ಹಾಕಿಕೊಡಿ. ಇಲ್ಲಾಂದ್ರೆ ವಾಪಸು ಮಾಡಿ ಅಂತ ಕೂತಿದ್ದಾರೆ."

"ಹಾಕೋಣ. ಮಾದರಿ ಕೊಡಿ."

"ಎರಡೂಕಾಲು ಇಂಚು ಅಂತ ನೆನಪಿಲ್ವಾ ಅತ್ತೆ?" ಎಂದಳು ಸೊಸೆ.

"ನೆನಪಿದೆ. ನೆನಪು ಮಾದರಿ ಅಲ್ಲ."

ಮೂವರೂ ಲ್ಯಾಪ್‌ಟಾಪು ಹೊತ್ತುಕೊಂಡು ರಿಪೇರಿ ಅಂಗಡಿಗೆ ಓಡಿದರು. ಹಳೆಯ ಸ್ಕ್ರೀನು ಪುಣ್ಯಕ್ಕೆ ಮೂಲೆಯಲ್ಲೇ ಬಿದ್ದಿತ್ತು.

"ಚೆನ್ನಾಗಿರೋದನ್ನ ತೆಗೆದು ಕೆಟ್ಟಿರೋದನ್ನ ಹಾಕಬೇಕಾ ಅಜ್ಜಿ?" ರಿಪೇರಿಯವನು ಮೂರು ಮುಖಗಳನ್ನೂ ಒಂದೊಂದಾಗಿ ನೋಡಿದ. ಹಾಕಿದ. ಗೆರೆ ಇಲ್ಲ! "ಒಳಗಿನ ಕೇಬಲ್ಲು ಸಡಿಲ ಇತ್ತು ಅನ್ಸುತ್ತೆ. ಈಗ ಸರಿಯಾಗಿ ಕೂತಿದೆ."

"ಎಳೆ ಬಿಟ್ಟಿತ್ತು ಅನ್ನು."

"ಹೂಂ ಅಜ್ಜಿ, ಹಾಗೇ."

"ಮತ್ತೆ ಬಿಡಿಸು."

ತನ್ನ ಕಸುಬಿನಲ್ಲಿ ಮೊದಲ ಸಲ ಅವನು ಕೆಡಿಸಲು ಕೂತ. ಒಂದು ಕೈಯಲ್ಲಿ ಕೇಬಲ್ಲನ್ನು ಅಷ್ಟಿಷ್ಟೇ ಎಳೆದು ಹಿಡಿದ. ಮೇಷ್ಟ್ರು ಎರಡೂ ಕೈಯಲ್ಲಿ ಮುಚ್ಚಳವನ್ನು ಓರೆಯಾಗಿ ಹಿಡಿದಾಗ ಗುಲಾಬಿ ಗೆರೆ ಪ್ರತ್ಯಕ್ಷವಾಯಿತು. ಸೊಸೆ ಕೋಟಿನ ಚಿತ್ರ ತೆರೆದಳು.

"ಉಸಿರಾಡಬೇಡಿ ಮೇಷ್ಟ್ರೇ, ಗೆರೆ ಅಲ್ಲಾಡುತ್ತೆ," ಎಂದು ಅತ್ತೆ ಟೇಪು ಬಿಚ್ಚಿದರು. "ಚಿತ್ರದ ಈ ಮನುಷ್ಯ ಯಾಕೋ ದಪ್ಪ ಆಗಿದ್ದಾನಲ್ಲ? ಮೊದಲು ಹೀಗಿರಲಿಲ್ಲ."

"ಪರದೆಯ ಸೈಜು ಬದಲಾಗಿದೆ. ಇರಿ," ಎಂದು ರಿಪೇರಿಯವನು ಇನ್ನೊಂದು ಕೈಯಲ್ಲಿ ಏನೋ ಒತ್ತಿದ. ಮನುಷ್ಯ ಮೊದಲಿನಂತೆ ತೆಳ್ಳಗಾದ. ಗೆರೆ ಸರಿಯಾದ ಜಾಗಕ್ಕೆ ಬಂತು. ಅಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಮೂಡಿ ಏನನ್ನೋ ಕೇಳಿತು, ಅದರಡಿ ಒಂದು ಅಂಕಿ ಹದಿನೈದರಿಂದ ಇಳಿಯತೊಡಗಿತು. "ಅಳತೆ ಸರಿಯಿದ್ರೆ ಬೇಗ ಹೌದು ಅನ್ನಿ ಅಜ್ಜಿ. ಹದಿನೈದು ಎಣಿಸೋದರೊಳಗೆ ಅನ್ನದಿದ್ರೆ ಮತ್ತೆ ದಪ್ಪ ಆಗ್ತಾನೆ!"

ಸೊಸೆ ಕೈ ಚಾಚಿದಳು. ಅತ್ತೆ ಟೇಪಿನಿಂದ ಅವಳ ಕೈಗೆ ಒಂದು ಬಿಟ್ಟರು. "ಏನು ಕೇಳ್ತಿದೆ ಅಂತ ತಿಳೀದೆ ಹೌದು ಅನ್ನೋಕೆ ನಾನೇನು ನಿನ್ನ ಗಂಡನಾ?"

ಜೇಬುಗಳ ಮೇಲೆ ಹೆಸರು ಹೊಲಿದು ಹೊಲಿದು ಕಲಿತ ಅಕ್ಷರ ಅತ್ತೆಯದು. ಒಂದೊಂದರ ಕೆಳಗೂ ಬೆರಳಿಟ್ಟು, ಸೂಜಿ ಹಾಕಿದಷ್ಟೇ ನಿಧಾನವಾಗಿ ಓದತೊಡಗಿದರು. "ಈ... ಬ... ದ... ಲಾ..." ಹದಿನೈದು ಮುಗಿಯಿತು. ಮನುಷ್ಯ ಉಬ್ಬಿಕೊಂಡ. ಮತ್ತೆ ಒತ್ತಿಸಿದರು, ಮತ್ತೆ ಮೊದಲಿನಿಂದ ಓದಿದರು. "...ವ... ಣೆ..." ಮತ್ತೆ ಉಬ್ಬಿಕೊಂಡ.

ಮೂರನೆಯ ಸಲ ಮೇಷ್ಟ್ರ ತೋಳು ನಡುಗುತ್ತಿತ್ತು, ಅದರ ಜೊತೆಗೆ ಗೆರೆಯೂ ನಡುಗುತ್ತಿತ್ತು. ಅತ್ತೆ ಮಾತ್ರ ನಡುಗಲಿಲ್ಲ. ಕೊನೆಯ ಅಕ್ಷರದಿಂದ ಬೆರಳೆತ್ತಿದಾಗ ಅಂಕಿ ಒಂದಕ್ಕೆ ಇಳಿದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ಮೂವರಿಗೂ ಕೇಳುವಂತೆ, ಒಂದಕ್ಷರವೂ ತಪ್ಪದೆ ಪೂರ್ತಿ ಓದಿ ಹೇಳಿದರು:

"ಈ ಬದಲಾವಣೆ ಹೀಗೇ ಇರಲೇ?"